ಕುಕ್ಕರ್ ಕೂಗುವಾಗ ಕಟ್ಟಿದ ಹಾಡು

ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡವರಿಗಿಂತ ಕೇಳಿದವರೇ ಹೆಚ್ಚು. ಮೂರನೇ ಪ್ಲಾಟ್‌ಫಾರಂನ ನೆತ್ತಿಯ ಮೇಲೆ ಗೂಡಿನಂಥ ಒಂದು ಗಾಜಿನ ಕೋಣೆ. ಅಲ್ಲಿ ಕೂತು ಎದುರಿನ ಗುಂಡಿ ಒತ್ತಿ, ಟಿಂಗ್-ಟಾಂಗ್ ಎಂದು ಗಂಟೆ ಬಾರಿಸಿ, "ಪ್ರಯಾಣಿಕರ ಗಮನಕ್ಕೆ" ಎಂದು ಅವಳು ಶುರು ಮಾಡಿದರೆ, ಕೆಳಗೆ ಬಾಯಿಗೆ ಚಹಾದ ಲೋಟ ಹಿಡಿದವನೂ ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದ. ಬಸ್ಸು ತಡ ಎಂಬ ಸುದ್ದಿಯನ್ನೂ ಅವಳು ಹೇಳಿದರೆ ಜನಕ್ಕೆ ಅಷ್ಟಾಗಿ ಸಿಟ್ಟು ಬರುತ್ತಿರಲಿಲ್ಲ. ಡ್ರೈವರುಗಳು ಅವಳಿಗೆ ಮೈಕಮ್ಮ ಎಂದು ಹೆಸರಿಟ್ಟರು. ಹೆಸರು ಹೇಗೋ ಮನೆಯವರೆಗೂ ಬಂತು. ಗಂಡ ಖುಷಿಯಲ್ಲಿದ್ದಾಗ ಹಾಗೇ ಕರೆಯುತ್ತಿದ್ದ, ಅತ್ತೆ ಸಿಟ್ಟಿನಲ್ಲಿದ್ದಾಗ.

ಮನೆಯಲ್ಲಿ ಮೈಕಿರಲಿಲ್ಲ. ಐದು ವರ್ಷದ ಮಗಳು ಚಿಟ್ಟೆ, ಮೂರು ವರ್ಷದ ಮಗ ಉಂಡೆ, ಎರಡು ಕೋಣೆ, ಒಂದು ಬಚ್ಚಲು. ಬೆಳಿಗ್ಗೆ ಚಿಟ್ಟೆಯನ್ನು ಶಾಲೆಗೂ ಉಂಡೆಯನ್ನು ಶಿಶುವಿಹಾರಕ್ಕೂ ಹೊರಡಿಸಿ ತಾನು ಗಾಜಿನ ಗೂಡು ಸೇರುವಷ್ಟರಲ್ಲಿ ಅವಳು ಒಂದು ಬಸ್ಸು ಓಡಿಸಿದವಳಷ್ಟು ದಣಿದಿರುತ್ತಿದ್ದಳು. ಆ ಬಸ್ಸು ಓಡುತ್ತಿದ್ದದ್ದು ಹಾಡಿನ ಮೇಲೆ.

ಹಾಡು ಟಿವಿಯದು. ದಿನಾ ಬೆಳಿಗ್ಗೆ ಮಕ್ಕಳ ಚಾನೆಲ್ಲಿನಲ್ಲಿ ಒಂದು ನೀಲಿ ಬಾತುಕೋಳಿ ಬರುತ್ತಿತ್ತು. ಬಟ್ಟೆಯ ಗೊಂಬೆ. ಹಲ್ಲುಜ್ಜಲು ಒಂದು ಹಾಡು, ಶೂ ಹಾಕಿಕೊಳ್ಳಲು ಒಂದು, ಆಟಿಕೆ ಹಂಚಿಕೊಳ್ಳಲು ಒಂದು, ಸಿಟ್ಟು ಬಂದರೆ ಒಂದು. ಆ ಬಾತು ಕಿರುಚುವ ಹೊತ್ತಿನಲ್ಲೇ ಮೈಕಮ್ಮನಿಗೆ ಅಡುಗೆಮನೆಯಲ್ಲಿ ನಾಲ್ಕು ಡಬ್ಬಿ ತುಂಬುವ ಕೆಲಸ. ಹಾಗಾಗಿ ಇಷ್ಟು ವರ್ಷದಲ್ಲಿ ಅವಳು ಆ ಕಾರ್ಯಕ್ರಮವನ್ನು ಒಂದು ಸಲವೂ ನೆಟ್ಟಗೆ ನೋಡಿರಲಿಲ್ಲ. ಕೇಳಿದ್ದಳು ಅಷ್ಟೇ. ಅದೂ ಕುಕ್ಕರ್ ಕೂಗದೆ ಇದ್ದಾಗ.

ಚಿಟ್ಟೆಗೆ ಎರಡು ವರ್ಷವಿದ್ದಾಗ ಬ್ರಷ್ ಕಂಡರೆ ಸಾಕು, ಬೀಗ ಜಡಿದ ಹಾಗೆ ಬಾಯಿ ಮುಚ್ಚುತ್ತಿದ್ದಳು. ಬೈದದ್ದಾಯಿತು, ಮುದ್ದಿಸಿದ್ದಾಯಿತು, ಒಂದು ದಿನ ಮೈಕಮ್ಮನೇ ಬಚ್ಚಲಿನ ಕಟ್ಟೆಯ ಮೇಲೆ ಕೂತು ಅತ್ತದ್ದೂ ಆಯಿತು. ಆಗ ಹೊರಗಿನ ಟಿವಿಯಲ್ಲಿ ಬಾತು ಹಾಡುತ್ತಿತ್ತು. ಮೂಗು ಒರೆಸಿಕೊಳ್ಳುತ್ತ ಸುಮ್ಮನೆ ಅವಳೂ ದನಿಗೂಡಿಸಿದಳು: "ಹಿಂದಿನ ಹಲ್ಲು, ಮುಂದಿನ ಹಲ್ಲು, ಬಾಗಿಲು ತೆರೆಯೋಣ..." ಮಗಳ ಬಾಯಿ ತೆರೆಯಿತು. ಎರಡನೇ ಸಾಲು ಅವಳಿಗೆ ಗೊತ್ತಿರಲಿಲ್ಲ, ಆ ಸಾಲಿನ ಹೊತ್ತಿಗೆ ದಿನವೂ ಕುಕ್ಕರ್ ಕೂಗುತ್ತಿತ್ತು. ಬಾಯಿ ಮತ್ತೆ ಮುಚ್ಚುವ ಮೊದಲು ಏನಾದರೂ ಹೇಳಬೇಕಲ್ಲ? ಬಾಯಿಗೆ ಬಂದದ್ದು ನಿಲ್ದಾಣ. "ಬುಸ್ ಬುಸ್ ಬ್ರಷ್ಷು ಬರ್ತಾ ಇದೆ, ಪಕ್ಕಕ್ಕೆ ಸರಿಯೋಣ!"

ಅಲ್ಲಿಂದ ಶುರು. ಕುಕ್ಕರ್ ನುಂಗಿದ ಸಾಲುಗಳಲ್ಲೆಲ್ಲ ಅವಳು ತನ್ನ ಬಸ್ಸುಗಳನ್ನು ಬಿಟ್ಟಳು. ಪ್ರತಿ ಹಾಡಿಗೂ ಮುನ್ನ ಚಮಚದಿಂದ ಸ್ಟೀಲಿನ ಲೋಟಕ್ಕೆ ಎರಡು ಏಟು, ಒಮ್ಮೆ ಅಂಚಿಗೆ, ಒಮ್ಮೆ ಹೊಟ್ಟೆಗೆ, ಟಿಂಗ್-ಟಾಂಗ್. ಆಮೇಲೆ ಹಾಡು. ಶೂ ಹಾಕಲು "ಎಡಗಾಲಪ್ಪ ಎದ್ದೇಳು, ಬಲಗಾಲಪ್ಪ ಬಾ, ಬಸ್ಸು ಬಿಡೋ ಹೊತ್ತಾಯ್ತು, ಹಿಮ್ಮಡಿ ಒಳಗೆ ಹಾಕಪ್ಪಾ." ಸಿಟ್ಟಿಗೆ "ಸಿಟ್ಟಪ್ಪ ಬಂದ್ರೆ ಕುರ್ಚಿ ಕೊಡಿ, ಕುಡಿಯೋಕ್ ನೀರು ಕೊಡಿ, ಮಾತಾಡ್ಸಿ ಕಳ್ಸಿಬಿಡಿ."

ಇದು ಯಾರ ಕಣ್ಣಿಗೂ ಕೆಲಸದಂತೆ ಕಾಣುತ್ತಿರಲಿಲ್ಲ. "ಟಿವಿ ಸಾಕಿದ ಮಕ್ಕಳು" ಎಂದು ಅತ್ತೆ ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದರು. "ನಾವೇನು ಹಾಡ್ತಾ ಕೂತಿದ್ವಾ? ಬೆನ್ನಿಗೊಂದು ಬಿಟ್ರೆ ಹಲ್ಲೂ ಬೆಳ್ಳಗಾಗ್ತಿತ್ತು, ಮುಖಾನೂ ಬೆಳ್ಳಗಾಗ್ತಿತ್ತು." ಶಿಶುವಿಹಾರದ ಟೀಚರು ಮಕ್ಕಳಿಗೆ ಟಿವಿ ತೋರಿಸ್ತೀರಾ ಎಂದು ಕೇಳುತ್ತಿದ್ದದ್ದು ಅವಳನ್ನೇ. ಗಂಡ ಕರೆದುಕೊಂಡು ಹೋದ ದಿನ "ಪಾಪ, ನೀವೇ ಬಂದ್ರಾ" ಎನ್ನುತ್ತಿದ್ದರು. ಗಂಡ ಲಿಫ್ಟ್ ರಿಪೇರಿ ಮಾಡುವವನು, ಕೆಟ್ಟವನಲ್ಲ. "ನಮ್ಮ ಮಕ್ಕಳು ಬಲು ಸಲೀಸು ಕಣ್ರೀ, ತಾವಾಗೇ ರೆಡಿಯಾಗ್ತವೆ" ಎಂದು ಕೆಲಸದ ಕಡೆ ಹೇಳಿಕೊಳ್ಳುತ್ತಿದ್ದ. ಅವನು ಸ್ನಾನ ಮುಗಿಸಿ ಬರುವ ಹೊತ್ತಿಗೆ ಅವು ರೆಡಿಯಾಗಿಯೇ ಇರುತ್ತಿದ್ದವು. ಅವನು ಕಂಡದ್ದನ್ನೇ ಹೇಳುತ್ತಿದ್ದ.

ಆ ವರ್ಷ ಚಳಿ ಶುರುವಾಗುವಾಗ ಮೈಕಮ್ಮನ ಗಂಟಲು ಕೈಕೊಟ್ಟಿತು. ಮೊದಲು ಸಂಜೆ ಹೊತ್ತಿಗೆ ದನಿ ಸವೆದ ಹಾಗಾಗುತ್ತಿತ್ತು. ಆಮೇಲೆ ಬೆಳಿಗ್ಗೆಯೇ. ಒಂದು ದಿನ "ಪ್ರಯಾಣಿಕರ" ಎಂದವಳಿಗೆ "ಗಮನಕ್ಕೆ" ಹೊರಡಲೇ ಇಲ್ಲ. ಕೆಳಗೆ ಜನ ತಲೆಯೆತ್ತಿ ಸ್ಪೀಕರನ್ನೇ ನೋಡುತ್ತ ನಿಂತರು.

ಗಂಟಲಿನ ಡಾಕ್ಟರು ಹೆಂಗಸು. ಮೂಗಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. "ಕಾಲಿಗೆ ಆಣಿ ಬರುತ್ತಲ್ಲಾ, ಹಾಗೇ ಧ್ವನಿತಂತುವಿನ ಮೇಲೆ ಎರಡು ಗಂಟು ಬಂದಿವೆ. ತುಂಬಾ ಉಜ್ಜಿದ್ರೆ ಬರೋದು. ಏನು ಕೆಲಸ?"

ಹೇಳಿದಳು.

"ಮೈಕ್ ಇದೆಯಲ್ಲ ಮುಂದೆ? ಕೂಗಬೇಕಾಗುತ್ತಾ?"

"ಇಲ್ಲ ಡಾಕ್ಟ್ರೇ. ಮೆತ್ತಗೆ ಹೇಳಿದ್ರೂ ಕೇಳುತ್ತೆ."

"ಹಾಗಾದ್ರೆ ಇದು ಅಲ್ಲಿಂದ ಬಂದಿದ್ದಲ್ಲ. ಮನೇಲಿ ಏನು ಮಾಡ್ತೀರಿ?"

"ಮನೇಲಿ ಏನೂ ಇಲ್ಲ. ಮಕ್ಕಳನ್ನ ನೋಡ್ಕೊಳ್ಳೋದು ಅಷ್ಟೇ."

ಡಾಕ್ಟರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಎಷ್ಟು ಮಕ್ಕಳು? ಏನು ವಯಸ್ಸು?" ಕೇಳಿ ತಿಳಿದ ಮೇಲೆ ನಕ್ಕರು. "ಏನೂ ಇಲ್ಲ ಅಂತೀರಲ್ಲಮ್ಮಾ. ಸಂಬಳ ಕೊಡೋ ಕಡೆ ದನಿ ಉಳಿಸಿ, ಸಂಬಳ ಇಲ್ಲದ ಕಡೆ ಸವೆಸಿದೀರಿ."

ಮದ್ದು ಒಂದೇ, ಮೂರು ವಾರ ಮೌನ. ಪಿಸುಮಾತೂ ಕೂಡದು, ಅದು ಇನ್ನೂ ಕೆಟ್ಟದ್ದು. ಗಂಟು ಕರಗಿದರೆ ಸರಿ. ಕರಗದಿದ್ದರೆ ಕೊಯ್ಯಬೇಕು, ಆಮೇಲೆ ದನಿ ಮೊದಲಿನ ಹಾಗೇ ಇರುತ್ತದೆಂದು ಯಾರೂ ಮಾತು ಕೊಡಲಾರರು. ನಿಲ್ದಾಣದ ಕಂಟ್ರೋಲರು ರಜೆಗೆ ಒಪ್ಪಿದರು. ಆದರೆ "ದನಿ ಸರಿಹೋಗದಿದ್ರೆ ಲಗೇಜ್ ಕೌಂಟರಿಗೆ ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ ಮೈಕಮ್ಮಾ" ಎಂದೂ ಸೇರಿಸಿದರು. ಅವಳು ತಲೆಯಾಡಿಸಿ ಬಂದಳು. ಕೊನೆಯ ಮೆಟ್ಟಿಲಿನಲ್ಲಿ ನಿಂತು ಆ ಗಾಜಿನ ಗೂಡನ್ನು ಒಮ್ಮೆ ತಿರುಗಿ ನೋಡಿದಳು. ಇಡೀ ದಿನದಲ್ಲಿ ಅವಳ ಮಾತನ್ನು ಯಾರೂ ಮಧ್ಯೆ ತಡೆಯದೆ ಕೇಳುತ್ತಿದ್ದ ಜಾಗ ಅದೊಂದೇ.

"ಮೂರು ವಾರ ತಾನೇ?" ಗಂಡ ಧೈರ್ಯ ಹೇಳಿದ. "ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡು ಕಿರುಚೋರನ್ನೇ ಸಮಾಧಾನ ಮಾಡೋನು ನಾನು. ಎರಡು ಮಕ್ಕಳೇನು ಮಹಾ? ನೀನು ಬಾಯಿಗೆ ಬೀಗ ಹಾಕ್ಕೊಂಡು ರಾಣಿ ಹಾಗೆ ಕೂತ್ಕೋ ಕಣೇ."

ರಾಣಿಯ ಆಳ್ವಿಕೆ ಮರುದಿನ ಹಲ್ಲುಜ್ಜುವವರೆಗೆ ನಡೆಯಿತು.

ಚಿಟ್ಟೆ ಬ್ರಷ್ ಹಿಡಿದು ಕಾದಳು. ಉಂಡೆ ಬಾಯಿ ಮುಚ್ಚಿಕೊಂಡು ಕಾದ. ಗಂಡನಿಗೆ ಹೊಳೆಯಿತು, ಹಾಡು ತಾನೇ ಬೇಕು? ಫೋನ್ ತೆಗೆದು ನೀಲಿ ಬಾತಿನ ಹಲ್ಲಿನ ಹಾಡು ಹುಡುಕಿ ಬಚ್ಚಲಿನ ಕಿಟಕಿಯ ಮೇಲೆ ನಿಲ್ಲಿಸಿದ. ಉಪಾಯ ಚೆನ್ನಾಗಿಯೇ ಇತ್ತು. ಮಕ್ಕಳಿಬ್ಬರೂ ತಕ್ಷಣ ಒದ್ದೆ ನೆಲದ ಮೇಲೆ ಕೂತುಬಿಟ್ಟರು. ಟಿವಿ ಹಾಡು ಬಂದರೆ ಕೂತು ನೋಡಬೇಕು ಎಂಬುದು ಅವರಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಪಾಠ. ಬ್ರಷ್ ಬಾಯಲ್ಲಿ ಹಾಗೇ ನಿಂತಿತು. ನೊರೆ ಗಲ್ಲದಿಂದ ಅಂಗಿಗೆ, ಅಂಗಿಯಿಂದ ಚಡ್ಡಿಗೆ ಇಳಿಯಿತು. ಹಾಡು ಮುಗಿಯಿತು. "ಇನ್ನೊಂದು!" ಎಂದ ಉಂಡೆ.

"ಉಜ್ಜೋ ಮಾರಾಯಾ, ಉಜ್ಜು!"

"ಅಪ್ಪಾ, ಇದು ನಮ್ಮ ಹಾಡಲ್ಲ" ಎಂದಳು ಚಿಟ್ಟೆ, ಬಾಯ್ತುಂಬ ನೊರೆಯಲ್ಲಿ. "ಇದು ಟಿವಿ ಹಾಡು. ಇದ್ರಲ್ಲಿ ಬಸ್ಸೇ ಬರಲ್ಲ."

ಶೂ ಹಾಕುವ ಹೊತ್ತಿಗೆ ಉಂಡೆ ಒಂದು ಕಾಲಿಗೆ ಅಕ್ಕನ ಶೂ ಹಾಕಿಕೊಂಡು ಸೋಫಾದ ಅಡಿಯಲ್ಲಿದ್ದ. ಗಂಡ ಎತ್ತರದ ದನಿಯಲ್ಲಿ ಕೂಗಾಡುತ್ತಿದ್ದ. ಅತ್ತೆ ಬಾಗಿಲಿಗೆ ಬಂದು "ಬೆನ್ನಿಗೊಂದು ಬಿಡೋ" ಎಂದು ಸಲಹೆ ಕೊಟ್ಟು ಹೋದರು. ಮೈಕಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮಾತು ನಾಲಿಗೆಯ ತುದಿಗೆ ಬಂದು ಹಲ್ಲಿಗೆ ಬಡಿಯುತ್ತಿತ್ತು. ಒಂದೇ ಸಾಲು, ಎಡಗಾಲಪ್ಪ ಎದ್ದೇಳು. ಅಷ್ಟು ಹೇಳಿದರೆ ಎಲ್ಲ ಸರಿಯಾಗುತ್ತದೆ, ಒಂದೇ ಸಾಲಿಗೆ ಏನಾದೀತು? ಆದರೆ ದಿನಕ್ಕೆ ಅಂಥ ಒಂದೇ ಸಾಲು ಎಷ್ಟಿವೆ ಎಂದು ಅವಳಿಗೇ ಗೊತ್ತಿತ್ತು. ಬಾಯಿಗೆ ಸೆರಗು ಒತ್ತಿ ಹಿಡಿದಳು. ಸಿಟ್ಟಿನಿಂದ ಕಿವಿ ಬಿಸಿಯಾಯಿತು. ಗಂಡನ ಮೇಲೆ ಸಿಟ್ಟು, ಅತ್ತೆಯ ಮೇಲೆ ಸಿಟ್ಟು, ತಾವಾಗೇ ರೆಡಿಯಾಗುವ ಮಕ್ಕಳ ಮೇಲೂ.

ಆಗ ಏನೋ ಎಳೆಯುವ ಸದ್ದಾಯಿತು. ಚಿಟ್ಟೆ ತನ್ನ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ನೆಲದ ಮೇಲೆ ಗರಗರ ಎಳೆದು ತಂದು ಅಮ್ಮನ ಮುಂದೆ ಇಟ್ಟಳು. ಹೋಗಿ ಒಂದು ಲೋಟ ನೀರು ತಂದಳು, ಅರ್ಧ ದಾರಿಗೇ ಚೆಲ್ಲಿ. ಸಿಟ್ಟಪ್ಪ ಬಂದಿದ್ದಾನೆ, ಮರ್ಯಾದೆ ಮಾಡಬೇಕು, ಅಷ್ಟೇ.

ಮೈಕಮ್ಮ ಆ ಗಿಡ್ಡ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಳು. ನೀರು ಕುಡಿದಳು. ಲೋಟ ಖಾಲಿಯಾಗಿ ಕೈಯಲ್ಲುಳಿಯಿತು. ಪಕ್ಕದ ಕಟ್ಟೆಯ ಮೇಲೆ ಚಮಚವಿತ್ತು.

ಟಿಂಗ್. ಟಾಂಗ್.

ಸೋಫಾದ ಅಡಿಯಿಂದ ಒಂದು ತಲೆ ಹೊರಬಂತು. ಆಮೇಲೆ ಚಿಟ್ಟೆ ನಿಲ್ದಾಣದ ಗತ್ತಿನಲ್ಲಿ ಸೊಂಟಕ್ಕೆ ಕೈಯಿಟ್ಟು "ಪ್ರಯಾಣಿಕರ ಗಮನಕ್ಕೆ!" ಎಂದು ಕೂಗಿ, ಎಡಗಾಲಪ್ಪನನ್ನು ಎಬ್ಬಿಸಿದಳು. ಉಂಡೆ ಹೊರಗೆ ಬಂದು ಕಾಲು ಚಾಚಿದ. ಗಂಡ ಶೂ ಹಿಡಿದುಕೊಂಡು ಬಾಯಿ ಬಿಟ್ಟು ನೋಡುತ್ತಿದ್ದ.

"ಅಪ್ಪಾ, ಹಿಮ್ಮಡಿ ಒಳಗೆ ಹಾಕಪ್ಪಾ ಅಂದಾಗ ನೀನು ಹಾಕ್ಬೇಕು" ಎಂದಳು ಚಿಟ್ಟೆ. "ಅಮ್ಮ ಹಾಕ್ತಾಳೆ."

ಅಂದಿನಿಂದ ಅವನಿಗೆ ಪಾಠ ಶುರುವಾಯಿತು. ಮಾಸ್ತರಿಣಿ ಐದು ವರ್ಷದವಳು, ಕರುಣೆಯೇ ಇಲ್ಲ. ಬ್ರಷ್ಷು ಪಕ್ಕಕ್ಕೆ ಸರಿಯುವುದು ಎರಡನೇ ಸಲ ಹೇಳಿದಾಗ, ಮೊದಲನೇ ಸಲಕ್ಕಲ್ಲ. ತಲೆಗೆ ನೀರು ಹಾಕುವ ಮೊದಲು "ಮಳೆ ಬರೋ ಸೂಚನೆ ಇದೆ" ಎಂದು ಹೇಳಲೇಬೇಕು, ಹೇಳದಿದ್ದರೆ ಉಂಡೆ ಅಳುತ್ತಾನೆ. ಅನ್ನದ ಹಾಡಿನಲ್ಲಿ ಮೂರು ನಿಲ್ದಾಣ, ಕೊನೆಯದರಲ್ಲಿ ಹೊಟ್ಟೆ ಮುಟ್ಟಿ ನೋಡಬೇಕು. ಅಲ್ಲಿ ಸಾಕು ಅಂದರೆ ಸಾಕು, ಒತ್ತಾಯ ಮಾಡುವ ಹಾಗಿಲ್ಲ. ಅವನು ತಪ್ಪಿದಾಗಲೆಲ್ಲ "ಮೊದಲಿಂದ!" ಎನ್ನುತ್ತಿದ್ದಳು ಮಗಳು. ಅವನ ಸ್ವರವೋ, ಕೀಲೆಣ್ಣೆ ಕಾಣದ ಲಿಫ್ಟಿನದು. ಆದರೂ ಹಾಡಿದ. ವಾರದ ಕೊನೆಗೆ ಒಂದು ಸಂಜೆ, ಇಬ್ಬರನ್ನೂ ಮೀಯಿಸಿ ತಾನೂ ಪೂರ್ತಿ ಒದ್ದೆಯಾಗಿ ಬಂದು ಅವಳ ಪಕ್ಕ ಕುಸಿದು ಕೂತ.

"ನನ್ನ ಗಂಟಲೇ ಕೆರೀತಿದೆ. ಇಷ್ಟೊಂದು ಇದೆಯಲ್ಲೇ! ಇದನ್ನೆಲ್ಲ ಯಾವಾಗ ಕಟ್ಟಿದೆ ನೀನು?"

ಅವಳು ಚಿಟ್ಟೆಯ ಸ್ಲೇಟು ಎತ್ತಿಕೊಂಡು ಬರೆದಳು: ಕುಕ್ಕರ್ ಕೂಗುವಾಗ.

ಅವನು ನಗಲಿಕ್ಕೆ ಹೋದವನು ನಗಲಿಲ್ಲ. "ನಾನು ಆಗ ಎಲ್ಲಿರ್ತಿದ್ದೆ?" ಎಂದ, ಅವಳನ್ನಲ್ಲ, ತನ್ನನ್ನೇ ಕೇಳಿಕೊಂಡಂತೆ. ಅವಳು ಬಚ್ಚಲಿನ ಕಡೆ ಬೆರಳು ತೋರಿಸಿದಳು. ಆಗ ಇಬ್ಬರಿಗೂ ನಗು ಬಂತು. ಅವಳದು ಮಾತ್ರ ಸದ್ದಿಲ್ಲದ ನಗು.

ಕಷ್ಟ ಬಂದದ್ದು ಬೇರೆ ಕಡೆಯಿಂದ. ಚಿಟ್ಟೆಗೆ ಅಮ್ಮನ ಗಂಟಲಿಗೆ ಹುಷಾರಿಲ್ಲ ಎಂದು ಹೇಳಿದ್ದು ತಿಳಿದಿತ್ತು. ಉಂಡೆಗೆ ತಿಳಿದಿರಲಿಲ್ಲ. ಅವನ ಲೆಕ್ಕದಲ್ಲಿ ಮಾತಾಡದ ಅಮ್ಮ ಎಂದರೆ ಸಿಟ್ಟು ಬಂದ ಅಮ್ಮ. ಎರಡನೇ ವಾರದ ಹೊತ್ತಿಗೆ ಅವನು ಒಳ್ಳೆಯವನಾಗತೊಡಗಿದ. ಆಟಿಕೆ ತಾನಾಗಿ ಎತ್ತಿಡುತ್ತಿದ್ದ, ಹಾಲು ತಕರಾರಿಲ್ಲದೆ ಕುಡಿಯುತ್ತಿದ್ದ, ಪ್ರತಿಯೊಂದು ಮಾಡಿ ಮುಗಿಸಿ ಅವಳ ಮುಖ ನೋಡುತ್ತಿದ್ದ. "ನೋಡು, ಈಗ ಬುದ್ಧಿ ಬಂತು" ಎಂದರು ಅತ್ತೆ. ಮೈಕಮ್ಮ ಅವನನ್ನು ಎತ್ತಿಕೊಂಡಳು. ತಬ್ಬಿಕೊಂಡಳು, ಮುತ್ತಿಟ್ಟಳು. ಅವನು ಮುತ್ತು ತೆಗೆದುಕೊಂಡು ಮತ್ತೆ ಮುಖ ನೋಡಿದ.

ಒಂದು ಬೆಳಿಗ್ಗೆ, ಶಾಲೆಗೆ ರಜೆಯ ದಿನ, ಅವಳು ಬಟ್ಟೆ ಮಡಿಸುತ್ತಿದ್ದಾಗ ಅವನು ಎದುರಿಗೆ ಬಂದು ನಿಂತ. ಕೈಯಲ್ಲಿ ಟಿವಿ ರಿಮೋಟು. ಅದನ್ನು ಅವಳ ಗಂಟಲಿಗೆ ಹಿಡಿದು, ದನಿ ಜಾಸ್ತಿ ಮಾಡುವ ಗುಂಡಿಯನ್ನು ಒತ್ತಿದ. ಕಾದ. ಮತ್ತೆ ಒತ್ತಿದ. ರಿಮೋಟನ್ನು ಅಂಗೈಗೆ ಎರಡು ಸಲ ಬಡಿದು, ಅಪ್ಪ ಮಾಡುವ ಹಾಗೆ, ಇನ್ನೊಮ್ಮೆ ಒತ್ತಿದ.

"ಅಮ್ಮಾ, ಆನ್ ಆಗು" ಎಂದ. "ನಾನು ಜಾಣ ಆಗಿದೀನಿ."

ಅವಳ ಬಾಯಿ ತೆರೆಯಿತು. ಕಂದಾ ಎಂಬ ಮಾತು ಗಂಟಲಿನವರೆಗೆ ಬಂದೇಬಿಟ್ಟಿತ್ತು. ಗಾಜಿನ ಗೂಡು ಹೋದರೆ ಹೋಗಲಿ, ಲಗೇಜ್ ಕೌಂಟರಿನಲ್ಲಿ ಕೂತರಾಯಿತು ಎಂದು ಆ ಗಳಿಗೆಯಲ್ಲಿ ನಿಜಕ್ಕೂ ಅನಿಸಿತು. ಅಷ್ಟರಲ್ಲಿ ಬಾಗಿಲ ಬಳಿ ಅತ್ತೆಯ ದನಿ.

"ತಾಳು ಮಗಳೇ. ಬಾಯಿ ಮುಚ್ಚು."

ಅತ್ತೆ ಒಳಗೆ ಬಂದು ಮೊಮ್ಮಗನ ಮುಂದೆ ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಕೂತರು. "ಲೋ ಉಂಡೆ, ಅಮ್ಮಂಗೆ ಸಿಟ್ಟಿಲ್ಲ ಕಣೋ. ಅಮ್ಮನ ಹಾಡೆಲ್ಲ ಖರ್ಚಾಗಿದೆ. ಎಲ್ಲಾ ನಿಮಗೇ ಹಾಕಿದಾಳೆ, ಒಂದೊಂದು ಹಲ್ಲಿಗೂ ಒಂದೊಂದು. ಈಗ ಬಾವೀಲಿ ನೀರು ಊರೋ ಹಾಗೆ ಊರ್ಬೇಕು. ಅಲ್ಲಿವರ್ಗೂ ಯಾರು ಹಾಡ್ಬೇಕು ಹೇಳು?"

ಉಂಡೆ ಯೋಚಿಸಿದ. "ನೀನು."

"ನಾನಾ? ನಂಗೆಲ್ಲಿ ಬರುತ್ತೆ?" ಎಂದ ಅತ್ತೆ, ಸೊಸೆಯ ಕಡೆ ನೋಡದೆ, ಮೆಲ್ಲಗೆ ಶುರು ಮಾಡಿದರು: "ಹಿಂದಿನ ಹಲ್ಲು, ಮುಂದಿನ ಹಲ್ಲು..." ಪೂರ್ತಿ ಬರುತ್ತಿತ್ತು. ಬಸ್ಸುಗಳ ಸಮೇತ. ಗೋಡೆಯಾಚೆ ಕೂತು ಇಷ್ಟು ವರ್ಷ ಕೇಳಿದ್ದರಲ್ಲ! ಮುಗಿಸಿ, "ನಿನ್ನ ಗಂಡ ಚಿಕ್ಕವನಿದ್ದಾಗ ಇದು ಗೊತ್ತಿದ್ದಿದ್ರೆ ನನ್ನ ಕೈಯಾದ್ರೂ ನೋಯ್ತಿರ್ಲಿಲ್ಲ" ಎಂದರು. ಆ ಮಾತು ಅವರಿಂದ ಬರುವುದು ಸಣ್ಣ ಸಂಗತಿಯಲ್ಲ. ಮೈಕಮ್ಮ ಅವರ ಕೈ ಹಿಡಿದುಕೊಂಡಳು. ಅತ್ತೆ ಬಿಡಿಸಿಕೊಂಡು, ಮಡಿಸಿದ ಬಟ್ಟೆಯ ರಾಶಿಯನ್ನು ಎತ್ತಿಕೊಂಡು ಹೋದರು.

ಅವಳು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವನ ಕೈಯಿಂದಲೇ ರಿಮೋಟ್ ಒತ್ತಿಸಿ ಟಿವಿ ಹಾಕಿದಳು. ನೀಲಿ ಬಾತು ಬಂತು. ಅಡುಗೆಮನೆಯಲ್ಲಿ ಒಲೆ ಆರಿತ್ತು, ಕುಕ್ಕರ್ ಸುಮ್ಮನಿತ್ತು. ಮೊದಲ ಸಲ ಅವಳು ಅದನ್ನು ಕಣ್ಣಾರೆ ಕಂಡಳು. ಬಾತಿನ ಒಂದು ಕಣ್ಣು ಗುಂಡಿಯದು, ಇನ್ನೊಂದು ಹೊಲಿದದ್ದು. ರೆಕ್ಕೆಯ ಅಂಚಿನಲ್ಲಿ ದಾರ ಬಿಟ್ಟಿತ್ತು. ಇಷ್ಟೇನಾ ಎನಿಸಿತು, ಹಿಂದೆಯೇ ಇಷ್ಟರಲ್ಲೇ ಎಷ್ಟೊಂದು ಎಂದೂ. ಹಾಡುತ್ತಿದ್ದದ್ದು ಹೆಂಗಸಿನ ದನಿ, ಪರದೆಯಲ್ಲಿ ಅವಳು ಎಲ್ಲೂ ಇಲ್ಲ. ಅವಳ ದನಿಯಲ್ಲೂ ಒಂದು ಕಡೆ, ಏರುವ ಸಾಲಿನಲ್ಲಿ, ಸಣ್ಣ ಸವೆತವಿತ್ತು. ಗಂಟಲು ಸವೆಸಿಕೊಂಡವಳಿಗೆ ಮಾತ್ರ ಕೇಳುವಂಥದ್ದು. ಅವಳಿಗೂ ಮನೆಯಲ್ಲಿ ಮಕ್ಕಳಿರಬಹುದು. ಸ್ಟುಡಿಯೋದಲ್ಲಿ ಬಾತಾಗಿ ಹಾಡಿ, ಮನೆಗೆ ಹೋಗಿ ಯಾರಿಗೋ ಶೂ ಹಾಕಿಸುತ್ತಿರಬಹುದು. ಕೊನೆಗೆ ಹೆಸರುಗಳು ಸರಸರನೆ ಮೇಲೇರಿ ಹೋದವು, ಒಂದನ್ನೂ ಓದಲಾಗಲಿಲ್ಲ. ಮೈಕಮ್ಮ ಆ ಹೆಸರುಗಳಿಗೆ, ಯಾವುದು ಅವಳದೆಂದು ತಿಳಿಯದೆ, ಎಲ್ಲಕ್ಕೂ ಸೇರಿಸಿ ಕೈಮುಗಿದಳು. ಉಂಡೆಯೂ ಮುಗಿದ. ಮೈಕಮ್ಮ ಅಳುತ್ತ ಬಚ್ಚಲಿನ ಕಟ್ಟೆಯ ಮೇಲೆ ಕೂತಿದ್ದ ಬೆಳಿಗ್ಗೆ ಒಳಗೆ ಬಂದು ಅವಳ ಬೆನ್ನಿಗೆ ನಿಂತದ್ದು ಈ ದನಿ ಒಂದೇ ಆಗಿತ್ತು.

ಮೂರು ವಾರ ಮುಗಿದ ಮೇಲೆ ಡಾಕ್ಟರು ಮತ್ತೆ ಕ್ಯಾಮೆರಾ ಇಳಿಸಿದರು. ಗಂಡ ಪಕ್ಕದಲ್ಲಿ ಉಗುರು ಕಚ್ಚುತ್ತ ನಿಂತಿದ್ದ. ಪರದೆಯನ್ನು ತುಂಬ ಹೊತ್ತು ನೋಡಿ ಡಾಕ್ಟರು ಹೇಳಿದರು, "ಕರಗಿದೆ. ಸ್ವಲ್ಪ ಉಳಿದಿದೆ, ಕೊಯ್ಯೋದೇನೂ ಬೇಡ. ಎಲ್ಲಿ, ಮೆತ್ತಗೆ ಒಂದು ಮಾತಾಡಿ ನೋಡೋಣ."

ಮೂರು ವಾರದಿಂದ ಅವಳು ಎಷ್ಟೋ ಮಾತು ಕೂಡಿಟ್ಟಿದ್ದಳು, ಹೆಚ್ಚಿನವು ಬೈಗುಳ. ಈಗ ಒಂದೂ ನೆನಪಾಗಲಿಲ್ಲ. "ಪ್ರಯಾಣಿಕರ ಗಮನಕ್ಕೆ" ಎಂದಳು. ದನಿ ತೊಳೆದಿಟ್ಟ ಲೋಟದ ಹಾಗೆ ಬಂತು. ಗಂಡ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

"ಆದ್ರೆ ಒಂದು ತಿಳ್ಕೊಳ್ಳಿ" ಎಂದರು ಡಾಕ್ಟರು. "ಇದು ಮೊದಲಿನ ಹಾಗೆ ಎರಡು ಕಡೆಗೆ ಸಾಲೋದಿಲ್ಲ. ಎಲ್ಲಿ ಎಷ್ಟು ಅಂತ ನೀವೇ ಹಂಚ್ಕೋಬೇಕು."

ಅವಳು ಬಾಯಿ ತೆರೆಯುವ ಮೊದಲೇ ಗಂಡ ಹೇಳಿದ, "ಹಂಚಿ ಆಗಿದೆ ಡಾಕ್ಟ್ರೇ. ಹಲ್ಲು, ಶೂ, ಸ್ನಾನ ನಂದು. ಅನ್ನ ಅಮ್ಮಂದು." ಆಮೇಲೆ ಅವಳ ಕಡೆ ತಿರುಗಿ, "ಸಿಟ್ಟಿಂದು ಯಾರದು ಅಂತ ಇನ್ನೂ ಆಗಿಲ್ಲ."

"ಅದು ಚಿಟ್ಟೆದು" ಎಂದಳು ಮೈಕಮ್ಮ. ಅದು ಅವಳ ಎರಡನೇ ಮಾತು.

ಮಲಗಿಸುವಾಗಿನ ಹಾಡೊಂದನ್ನು ಮಾತ್ರ ತನಗೆ ಇಟ್ಟುಕೊಂಡಳು. ಅಂದು ಅದನ್ನು ಕೇಳಿದ ಉಂಡೆ ರಿಮೋಟನ್ನು ದಿಂಬಿನ ಕೆಳಗೆ ಇಟ್ಟು, "ಆನ್ ಆಯ್ತು" ಎಂದು ಅಜ್ಜಿಗೆ ವರದಿ ಕೊಟ್ಟ.

ಕೆಲಸಕ್ಕೆ ಮರಳುವ ದಿನ ಬೆಳಿಗ್ಗೆ ಮೈಕಮ್ಮ ಡಬ್ಬಿ ತುಂಬಿ ಮುಗಿಸಿ, ಬಿಸಿ ಕಾಫಿ ಹಿಡಿದು ಅಡುಗೆಮನೆಯಲ್ಲಿ ಕೂತಳು. ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲೇ. ಬಿಸಿಯಿರುವಾಗಲೇ ಕಾಫಿ ಕುಡಿದು ಎಷ್ಟು ಕಾಲವಾಗಿತ್ತು! ಬಚ್ಚಲಿನಿಂದ ಹಾಡು ಬರುತ್ತಿತ್ತು. ಶ್ರುತಿ ಎಲ್ಲೋ, ತಾಳ ಎಲ್ಲೋ. ಮಕ್ಕಳು ಮಾತ್ರ ಬುಸ್ ಬುಸ್ ಎನ್ನುತ್ತಿದ್ದವು. ಅವಳು ಗೋಡೆಗೆ ತಲೆಯಾನಿಸಿ ಕೇಳುತ್ತ ಕೂತಳು.

ಹಲ್ಲಿನದು ಮುಗಿದು ಸ್ನಾನದ್ದು ಶುರುವಾದ ಮೇಲೆ ಹಾಡು ಇದ್ದಕ್ಕಿದ್ದಂತೆ ನಿಂತಿತು.

"ಏನೇ, ಮಳೆ ಆದ್ಮೇಲೆ ಏನು? ಮರ್ತೇಹೋಯ್ತು!"

ಅವಳಿಗೆ ಗೊತ್ತಿತ್ತು. ಈಗ ಹೇಳಲೂ ಬಹುದಿತ್ತು. ಅವಳು ಕಾಫಿಯ ಕೊನೆಯ ಗುಟುಕು ಕುಡಿದು, ಖಾಲಿ ಲೋಟವನ್ನು ಮಡಿಲಲ್ಲಿಟ್ಟುಕೊಂಡು ಚಮಚ ತೆಗೆದುಕೊಂಡಳು. ಟಿಂಗ್. ಟಾಂಗ್.

"ಅಪ್ಪಾ, ಮೊದಲಿಂದ!" ಎಂದಳು ಒಳಗಿನಿಂದ ಚಿಟ್ಟೆ.